ಪಂಪುಶೆಡ್ಡಿನ ಕಪ್ಪು ಮಣ್ಣು

ಮರ್ಕಂಜ
19 ಜನವರಿ 2025

ಪೂಜ್ಯ ಗೌರೀಶಂಕರ ಸರ್ ಅವರಿಗೆ,

ಮೋಕ್ಷಿತಾಳ ನಮಸ್ಕಾರಗಳು. ನಮ್ಮ ಗುಡ್ಡದ ಬದಿಗೆ ಫೋನು ಹಿಡಿಯುವುದಿಲ್ಲ. ಹೇಳಬೇಕಾದದ್ದು ದೊಡ್ಡದಿದ್ದರೆ ಕಾಗದದಲ್ಲಿ ಬರೆಯಬೇಕೆಂದು ತರಗತಿಯಲ್ಲಿ ನೀವು ಹೇಳುತ್ತಿದ್ದಿರಿ. ಇದು ದೊಡ್ಡದು.

ಕಳೆದ ಮಂಗಳವಾರ ಬೆಳ್ಳಾರೆಯ ಮೂಸಕುಂಞಿಯವರ ಪಿಕಪ್ ನಮ್ಮ ಮನೆಯ ಮೇಲಿನ ತಿರುವಿನಲ್ಲಿ ಮಗುಚಿತು. ಗುಡ್ಡದಲ್ಲಿ ಮಣ್ಣು ಅಗೆಯುತ್ತಿದ್ದ ಹಿಟಾಚಿಗೆ ಅವರು ಡೀಸೆಲ್ ಒಯ್ಯುತ್ತಿದ್ದರು. ಪುಣ್ಯಕ್ಕೆ ಅವರಿಗೆ ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆದರೆ ಎರಡು ಬ್ಯಾರೆಲ್ ಡೀಸೆಲ್ ಪೂರ್ತಿಯಾಗಿ ರಸ್ತೆಯ ಕೆಳಗಿನ ತಟ್ಟಿಗೆ, ಗುಡ್ಡದ ಬದಿಯ ಆ ಸಮತಟ್ಟು ಜಾಗಕ್ಕೆ, ಇಳಿದು ಮಣ್ಣಿನಲ್ಲಿ ಇಂಗಿತು. ಆ ತಟ್ಟಿನ ಕೆಳಗೇ ನಮ್ಮ ಸುರಂಗವಿದೆ. ಮುತ್ತಜ್ಜ ಗುಡ್ಡದ ಒಳಕ್ಕೆ ಅಡ್ಡವಾಗಿ ಕೊರೆದ ಆ ಸುರಂಗದಿಂದ ಹರಿದು ಬರುವ ನೀರನ್ನೇ ಮನೆಯವರೂ ದನಗಳೂ ಕುಡಿಯುವುದು. ಈಗ ನೀರು ಶುದ್ಧವಾಗಿದೆ. ಮಳೆಗಾಲ ಹಿಡಿದರೆ ಮೇಲಿನದೆಲ್ಲ ಕೆಳಗಿಳಿಯುತ್ತದೆ.

ಜೆಸಿಬಿ ತರಿಸಿ ಮಣ್ಣನ್ನು ಕೆರೆದು ಕೆಳಗೆ ಹರಿಯುವ ತೋಡಿಗೆ ದೂಡುವುದೆಂದು ಅಪ್ಪ ನಿಶ್ಚಯಿಸಿದ್ದಾರೆ. ತೋಡಿನ ಕೆಳಗೆ ಎಷ್ಟು ಮನೆಗಳಿವೆಯೆಂದು ನಾನು ಕೇಳಿದೆ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳೇ ಡೀಸೆಲನ್ನು ತಿಂದು ಮುಗಿಸಬಲ್ಲವು ಎಂದು ಬಾಯಿತಪ್ಪಿ ಹೇಳಿಯೂಬಿಟ್ಟೆ.

"ಹಾಗಾದ್ರೆ ಮಾಡಿ ತೋರ್ಸು," ಅಂದರು. "ಪತ್ತನಾಜೆವರೆಗೆ ಟೈಮುಂಟು. ಅದು ಕಳೆದ್ರೆ ಮಳೆ. ಆ ದಿನ ಜೆಸಿಬಿ ಬರ್ತದೆ."

ಪತ್ತನಾಜೆ ಬರುವುದು ಮೇ ಕೊನೆಗೆ, ಇನ್ನು ನಾಲ್ಕೇ ತಿಂಗಳು ಸರ್. ಎಂ.ಎಸ್ಸಿ.ಯಲ್ಲಿ ಇದನ್ನು ನಾನು ಗಾಜಿನ ಪಾತ್ರೆಯೊಳಗೆ ಮಾತ್ರ ಮಾಡಿದವಳು. ನಾನು ನಿಮಗೆ ಬರೆಯುತ್ತಿರುವುದು ಅಪ್ಪನಿಗೆ ಗೊತ್ತಿಲ್ಲ. ನನ್ನನ್ನು ಓದಲು ಕಳಿಸಬೇಕೆಂದು ಹೇಳಲು ಬಂದ ನೀವು ಮಾತಿಗೆ ಮಾತು ಬೆಳೆದು ಚಹಾ ಕುಡಿಯದೆ ಎದ್ದುಹೋದ ದಿನದಿಂದ ಅವರು ನಿಮ್ಮ ಹೆಸರೆತ್ತಿಲ್ಲ.

ನಿಮ್ಮ ವಿದ್ಯಾರ್ಥಿನಿ,
ಮೋಕ್ಷಿತಾ


ಸವಣೂರು
23 ಜನವರಿ 2025

ಚಿ. ಮೋಕ್ಷಿತಾಳಿಗೆ ಆಶೀರ್ವಾದಗಳು.

ಅಂಚೆಯವನು ನಿನ್ನ ಪತ್ರವನ್ನು ಗೇಟಿನ ಬಳಿ ಕೊಟ್ಟ. ಮೆಟ್ಟಿಲು ಮುಟ್ಟುವಷ್ಟರಲ್ಲಿ ಓದಿ ಮುಗಿಸಿ, ತಿರುಗಿ ಗೇಟಿನವರೆಗೆ ನಡೆದು ಇನ್ನೊಮ್ಮೆ ಓದಿದೆ. "ಎಂತ ಮಾರಾಯ್ರೆ, ಲಾಟರಿ ಹೊಡೀತಾ?" ಎಂದು ಸತ್ಯವತಿ ಒಳಗಿನಿಂದ ಕೇಳಿದಳು. ನಿಮ್ಮ ಮನೆಗೆ ಬಂದ ಕಷ್ಟವನ್ನೋದಿ ನಾನು ಹಿಗ್ಗಬಾರದು. ಆದರೆ ಅದನ್ನು ಎದುರಿಸಲು ನನ್ನ ವಿದ್ಯಾರ್ಥಿನಿಯೊಬ್ಬಳು ಸೆರಗು ಬಿಗಿದು ನಿಂತಿದ್ದಾಳೆಂದರೆ ಹಿಗ್ಗದೆ ಹೇಗಿರಲಿ?

ಕೇಳು. ಡೀಸೆಲ್ ಕೂಡ ಒಂದಾನೊಂದು ಕಾಲದ ಜೀವಿಗಳ ಅವಶೇಷವೇ. ಅದನ್ನು ಉಣ್ಣಬಲ್ಲ ಸೂಕ್ಷ್ಮಜೀವಿಗಳು ಎಲ್ಲ ಮಣ್ಣಿನಲ್ಲಿಯೂ ಅಲ್ಪಸ್ವಲ್ಪ ಇರುತ್ತವೆ. ಎಣ್ಣೆ ಬಹುಕಾಲದಿಂದ ತೊಟ್ಟಿಕ್ಕಿದ ಜಾಗದಲ್ಲಿ ಅವು ದಟ್ಟವಾಗಿ, ಪಳಗಿ, ಕುಟುಂಬ ಕಟ್ಟಿಕೊಂಡು ಬದುಕಿರುತ್ತವೆ. ನಿಮ್ಮ ತೋಟದಲ್ಲಿ ಅಂಥ ಜಾಗವೊಂದನ್ನು ಹುಡುಕು. ಅಲ್ಲಿನ ಒಂದು ಹಿಡಿ ಮಣ್ಣನ್ನು ಲವಣಗಳಿರುವ ನೀರಿಗೆ ಹಾಕಿ, ಆಹಾರವೆಂದು ಡೀಸೆಲನ್ನಷ್ಟೇ ಕೊಡು. ನೀರು ಕದಡಿದರೆ ಯಾರೋ ಉಣ್ಣುತ್ತಿದ್ದಾರೆಂದು ಅರ್ಥ. ನಿಮ್ಮ ಬಿಸಿಲು, ನಿಮ್ಮ ಮಳೆ, ನಿಮ್ಮ ಕೆಂಪು ಮುರಕಲ್ಲು ಮಣ್ಣಿನ ಹುಳಿ ಇವೆಲ್ಲವನ್ನೂ ಬಲ್ಲ ಊರಿನ ಜೀವಿಗಳು ಅವು.

ನಿನ್ನ ತಂದೆಯ ಗಡುವು ಅನ್ಯಾಯದ್ದಲ್ಲ. ಮನೆಯ ನೀರಿಗೆ ಹೊಣೆಗಾರರು ಅವರು. ನಾನು ಬರಬೇಕೆಂದು ನೀನು ಕೇಳಿಲ್ಲ. ಕೇಳದೆ ಇದ್ದದ್ದೇ ಸರಿ.

ನಿನ್ನ ಉತ್ತರಕ್ಕಾಗಿ ಗೇಟಿನಲ್ಲಿಯೇ ಕಾಯುವ,
ಗೌರೀಶಂಕರ


ಮರ್ಕಂಜ
16 ಫೆಬ್ರವರಿ 2025

ಪೂಜ್ಯ ಸರ್,

ಕದಡಿತು! ಈ ಒಂದು ಪದವನ್ನಷ್ಟೇ ಬರೆದು ಅಂಚೆಗೆ ಹಾಕೋಣವೆನಿಸಿತ್ತು.

ಜಾಗ ಎದುರಿಗೇ ಇತ್ತು, ನನಗೆ ಹೊಳೆದಿರಲಿಲ್ಲ. ಕರೆಂಟು ಬರುವ ಮೊದಲು ಅಜ್ಜ ಡೀಸೆಲ್ ಇಂಜಿನಿನಿಂದ ತೋಟಕ್ಕೆ ನೀರು ಹಾಯಿಸುತ್ತಿದ್ದರು. ತುಕ್ಕು ಹಿಡಿದ ಆ ಇಂಜಿನ್ ಪಂಪುಶೆಡ್ಡಿನಲ್ಲಿ ಇನ್ನೂ ಕೂತಿದೆ, ಸುತ್ತಲಿನ ನೆಲ ಇದ್ದಿಲಿನಂತೆ ಕಪ್ಪಾಗಿದೆ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಮದ್ದನ್ನು, ಅಂದರೆ ಮೈಲುತುತ್ತು ಮತ್ತು ಸುಣ್ಣವನ್ನು, ಅಜ್ಜನ ಕಾಲದಿಂದ ಕಲಸುವುದೂ ಅದೇ ಶೆಡ್ಡಿನಲ್ಲಿ. ಕಲಸುವ ಕಲ್ಲು ಪೂರ್ತಿ ನೀಲಿಯಾಗಿದೆ. ಅದರ ಬುಡದ ಮಣ್ಣು ಎಲ್ಲಕ್ಕಿಂತ ಕಪ್ಪಾಗಿದ್ದುದರಿಂದ ಅಲ್ಲಿಂದಲೇ ಒಂದು ಹಿಡಿ ತೆಗೆದೆ. ಸುಳ್ಯದಲ್ಲಿ ನಾನು ಪಾಠ ಮಾಡುವ ಕಾಲೇಜಿನವರು ತರಗತಿ ಮುಗಿದ ಮೇಲೆ ಒಂದು ಮೇಜು ಬಿಟ್ಟುಕೊಟ್ಟಿದ್ದಾರೆ. ಬಾಟಲಿಯ ನೀರು ಮೊದಲು ಮಂಜಾಯಿತು, ಆಮೇಲೆ ತಿಳಿಮಜ್ಜಿಗೆಯಂತಾಯಿತು. ಮೇಲೆ ತೇಲುತ್ತಿದ್ದ ಡೀಸೆಲಿನ ಪದರ ಹರಿದು ಚೂರು ಚೂರಾಗಿದೆ.

ಕಪ್ಪು ನೆಲಕ್ಕೆ ಈ ಬೇಸಿಗೆ ಸಿಮೆಂಟು ಹಾಕಿಸಲು ಅಪ್ಪ ಮರಳು ತರಿಸಿದ್ದರು. ಸ್ವಲ್ಪ ನಿಲ್ಲಿಸಿ ಎಂದೆ. "ಆ ಗಲೀಜಿನಲ್ಲಿ ಎಂತ ಉಂಟು?" ಎಂದು ಕೇಳಿದರು. ನಾನು ಬಾಟಲಿ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ ಹಿಂದೆ ಕೊಟ್ಟರು.

ಮೂಸಕುಂಞಿಯವರು ಶುಕ್ರವಾರ ನಮಾಜು ಮುಗಿಸಿ ನೇರ ಇಲ್ಲಿಗೆ ಬಂದು ತಟ್ಟಿನ ಮಣ್ಣು ಸಡಿಲಿಸಲು ಹಾರೆ ಹಿಡಿಯುತ್ತಾರೆ. ಬೇಡವೆಂದರೆ, "ಚೆಲ್ಲಿದ್ದು ನಾನು ಟೀಚರೇ, ನೀವು ಮಾತ್ರ ಅಗೀಲಿಕ್ಕೆ ಎಂತ, ಶಿಕ್ಷೆಯಾ?" ಎನ್ನುತ್ತಾರೆ.

ಮೋಕ್ಷಿತಾ


ಸವಣೂರು
21 ಫೆಬ್ರವರಿ 2025

ಚಿ. ಮೋಕ್ಷಿತಾ,

ನೀನು ಬೆಳ್ಳಾರೆ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸಿದ ಬಾಟಲಿ ತಲುಪಿತು. "ಮಾಷ್ಟ್ರೆ, ಇದೆಂತ ಕಷಾಯವಾ?" ಎಂದು ಕೇಳಿದರು. ಹೌದು, ಭೂಮಿಯ ಜ್ವರಕ್ಕೆ ಎಂದೆ. ಬಸ್ಸಿನವರೆಲ್ಲ ನಕ್ಕರು. ಬಾಟಲಿಯನ್ನು ಕಿಟಕಿಯ ಬಳಿ ಇಟ್ಟಿದ್ದೇನೆ. ಹಾದುಹೋಗುವಾಗಲೆಲ್ಲ ಒಮ್ಮೆ ಅಲುಗಾಡಿಸುತ್ತೇನೆ.

ಕಡಬದ ಸಮನ್ವಿತಾಳ ನೆನಪಿರಬಹುದು, ನಿನಗಿಂತ ಮೊದಲಿನ ತಂಡದವಳು. ಮಂಗಳೂರಿನ ಒಂದು ಪ್ರಯೋಗಾಲಯದಲ್ಲಿದ್ದಾಳೆ. ಎಣ್ಣೆ ತಿನ್ನುವುದರಲ್ಲಿ ಹೆಸರಾದ ಹೊರಗಿನ ಬ್ಯಾಕ್ಟೀರಿಯಾ ತಳಿಯ ಪುಡಿಯನ್ನು ನಿನಗೆ ಕಳಿಸುತ್ತಾಳೆ. ಅದನ್ನು ತಿರಸ್ಕರಿಸಬೇಡ. ತಟ್ಟನ್ನು ಎರಡು ಪಾತಿ ಮಾಡು. ಮೇಲಿನದಕ್ಕೆ ಪುಡಿ, ಕೆಳಗಿನದಕ್ಕೆ ನಿನ್ನ ಪಂಪುಶೆಡ್ಡಿನ ಸಂತಾನ. ನಡುವೆ ಮಣ್ಣಿನ ದಂಡೆಯಿರಲಿ, ಹಾರೆಯನ್ನೂ ಬೇರೆ ಬೇರೆ ಇಟ್ಟುಕೊ. ಉಸಿರಾಡುವುದಕ್ಕೆ ಅಡಿಕೆ ಸಿಪ್ಪೆ ಬೆರೆಸಿ ವಾರಕ್ಕೊಮ್ಮೆ ಮಗುಚು. ಡೀಸೆಲಿನಲ್ಲಿ ಸಾರಜನಕವಿಲ್ಲ, ಆದುದರಿಂದ ನೆಲಗಡಲೆ ಹಿಂಡಿ ಮತ್ತು ಸೆಗಣಿನೀರು ಬೇಕು. ಮಣ್ಣು ಸದಾ ಹಸಿಯಾಗಿರಲಿ, ಕೆಸರಾಗದಿರಲಿ.

ಊರಿನವು ಗೆಲ್ಲಲೆಂದು ನನ್ನ ಮನಸ್ಸು ಪಕ್ಷಪಾತ ಮಾಡುತ್ತಿದೆ. ನೀನು ಮಾಡಬೇಡ. ಮಣ್ಣು ಹೇಳಿದ್ದನ್ನು ಬರೆ.

ಹಾರೈಕೆಗಳೊಂದಿಗೆ,
ಗೌರೀಶಂಕರ


ಮರ್ಕಂಜ
30 ಮಾರ್ಚ್ 2025

ಪೂಜ್ಯ ಸರ್,

ಪಕ್ಷಪಾತವಿಲ್ಲದೆ ಬರೆಯುತ್ತೇನೆ. ಪುಡಿ ಹಾಕಿದ ಮೇಲಿನ ಪಾತಿ ಮುಂದಿದೆ. ಅಲ್ಲಿ ವಾಸನೆ ಬೇಗ ತಗ್ಗುತ್ತಿದೆ. ಎರಡೂ ಪಾತಿಗಳ ಮಣ್ಣನ್ನು ತೆಂಗಿನ ಗೆರಟೆಗಳಲ್ಲಿ ತುಂಬಿ ಹೆಸರುಕಾಳು ಹಾಕಿದ್ದೆ. ಮೇಲಿನದರಲ್ಲಿ ಕೆಲವು ಕಾಳು ಬಾಯಿ ಬಿಟ್ಟಿವೆ. ನಮ್ಮದರಲ್ಲಿ ಒಂದೂ ಇಲ್ಲ.

ಅಜ್ಜಿ ದುಗ್ಗಮ್ಮನವರಿಗೆ ಮಾತ್ರ ಇದು ಒಪ್ಪಿಗೆಯಿಲ್ಲ. ದುಗ್ಗಮ್ಮನವರ ಮನೆಯ ಮಣ್ಣು ಸೋಲುವುದುಂಟೇ? ಸೆಗಣಿನೀರು ಕಲಸುವಾಗ ಕೆಳಗಿನ ಪಾತಿಗೆಂದು ಒಂದು ಚೆಂಬು ಹೆಚ್ಚು ಎತ್ತಿದರು. ನಾನು ಹಿಡಿದೆ. "ನಿನ್ನ ಮಕ್ಕಳಿಗೆ ಒಂದು ಚೂರು ಗಂಜಿ ಜಾಸ್ತಿ ಬಡಿಸಿದ್ರೆ ಯಾರಿಗೆ ನಷ್ಟ?" ಎಂದು ಜಗಳಕ್ಕೆ ಬಂದರು.

ಮೂಸಕುಂಞಿಯವರು ಹಾರೆಗೆ ಒರಗಿ ನಿಂತು, "ಇಷ್ಟು ಡೀಸೆಲ್ ಕುಡಿದು ಇವು ಎಲ್ಲಿಗೆ ಮುಟ್ಟಿದ್ದಾವೆ ಟೀಚರೇ? ನನ್ನ ಪಿಕಪ್ಪು ಇಷ್ಟರಲ್ಲಿ ಮೈಸೂರಿಗೆ ಹೋಗಿ ಬರ್ತಿತ್ತು," ಎಂದರು. ಅಪ್ಪನಿಗೆ ನಗು ಬಂತು. ಕಳೆದ ವಾರದಿಂದ ಅಪ್ಪ ಸಂಜೆ ತಟ್ಟಿನ ಅಂಚಿಗೆ ಬಂದು ನಿಲ್ಲುತ್ತಾರೆ. ಒಳಗೆ ಕಾಲಿಡುವುದಿಲ್ಲ, ನೋಡುತ್ತಾರೆ ಅಷ್ಟೆ.

ಈಗ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ. ಯಾವ ಪಾತಿ ಗೆದ್ದರೂ ಸುರಂಗ ಉಳಿಯುತ್ತದೆ.

ಮೋಕ್ಷಿತಾ


ಸವಣೂರು
5 ಏಪ್ರಿಲ್ 2025

ಚಿ. ಮೋಕ್ಷಿತಾ,

ಸೋಲುತ್ತಿರುವುದು ತನ್ನ ಪಾತಿಯೆಂದು ಮೊದಲ ಸಾಲಿನಲ್ಲೇ ಬರೆದವಳೇ, ನಿನಗೆ ನನ್ನ ನಮಸ್ಕಾರ! ಫಲಿತಾಂಶಕ್ಕಿಂತ ಆ ಸಾಲಿಗಾಗಿ ಹೆಚ್ಚು ಸಂತೋಷಪಟ್ಟೆ.

ಊರಿನವು ನಿಧಾನವಿರಬಹುದು. ಬಾಟಲಿಯಿಂದ ಪಾತಿಗೆ ಬಂದದ್ದು ಅವಕ್ಕೂ ಸ್ಥಳಾಂತರವೇ. ಅಜ್ಜಿಗೆ ಹೇಳು, ಗಂಜಿ ಸಮನಾಗಿರಲಿ, ಅಕ್ಕರೆ ಬೇಕಾದರೆ ಹೆಚ್ಚಿರಲಿ. ಅಂಚಿಗೆ ಬಂದು ನಿಲ್ಲುವವರನ್ನು ಒಳಗೆ ಕರೆಯಬೇಡ. ತಾವಾಗಿಯೇ ಬರುತ್ತಾರೆ.

ಪ್ರೀತಿಯಿಂದ,
ಗೌರೀಶಂಕರ


ಮರ್ಕಂಜ
12 ಮೇ 2025

ಸರ್,

ಎಲ್ಲ ಮುಗಿಯಿತು.

ಈ ಸಲ ಮಳೆ ಬೇಗವೆಂದು ಅಪ್ಪ ನಿನ್ನೆ ಅಡಿಕೆಗೆ ಮದ್ದು ಬಿಡಿಸಿದರು. ನಾನು ಸುಳ್ಯದಲ್ಲಿದ್ದೆ. ನಾಲ್ಕು ಹನಿ ಮಳೆಗೆ ಪಾತಿಯ ಅಡಿಕೆ ಸಿಪ್ಪೆಯ ಮೇಲೆ ಬಿಳಿಯ ನೂಲು ಎದ್ದಿತ್ತು. ಅದರಿಂದ ಏನೂ ತೊಂದರೆಯಿರಲಿಲ್ಲ. ನಾನು ಅಂಗಳಕ್ಕೆ ಕಾಲಿಡುವಾಗ ಅಪ್ಪ ತಟ್ಟಿನಿಂದ ಇಳಿದು ಬರುತ್ತಿದ್ದರು. ಕೈ ಮೊಣಕೈವರೆಗೆ ನೀಲಿ, ಮುಖದಲ್ಲಿ ಬಹಳ ದಿನಗಳ ನಂತರ ನೋಡಿದ ನಗು.

"ನಿನ್ನ ಮಣ್ಣಿಗೆ ಬೂಸ್ಟು ಹಿಡಿದಿತ್ತು ಮಗಾ. ಡ್ರಮ್ಮಿನಲ್ಲಿ ಉಳಿದ ಮದ್ದು ಎಲ್ಲ ಅದಕ್ಕೇ ಹೊಯ್ದೆ. ಎರಡಕ್ಕೂ ಸಮ ಮಾಡಿ. ಇನ್ನು ಎಂತ ಹೆದ್ರುದು ಬೇಡ."

ಮೊದಲ ಬಾರಿ ಅಪ್ಪ ಪಾತಿಯ ಒಳಗೆ ಕಾಲಿಟ್ಟಿದ್ದರು ಸರ್. ಮೈಲುತುತ್ತು ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆಂದು ಆ ಮುಖಕ್ಕೆ ನಾನು ಹೇಗೆ ಹೇಳಲಿ? "ಆಯ್ತಪ್ಪ" ಅಂದೆ. ಆಮೇಲೆ ಅಜ್ಜಿ ನನ್ನಿಂದ ತಿಳಿದು ಅವರಿಗೆ ಹೇಳಿದರು. ಅಪ್ಪ ರಾತ್ರಿ ಊಟಕ್ಕೆ ಏಳಲಿಲ್ಲ. ಇವತ್ತು ಜೆಸಿಬಿಯವನಿಗೆ ಪತ್ತನಾಜೆಗೆ ಬರಲು ಹೇಳಿಕಳಿಸಿದ್ದಾರಂತೆ. ನನ್ನೊಡನೆ ಮಾತಿಲ್ಲ.

ಇನ್ನು ಬರೆಯುವುದಕ್ಕೆ ಏನೂ ಇಲ್ಲ.

ಮೋ.


ಸವಣೂರು
14 ಮೇ 2025

ಚಿ. ಮೋಕ್ಷಿತಾ,

ಇದನ್ನು ಅಂಚೆಗೆ ಹಾಕದೆ ಬಸ್ಸಿನಲ್ಲಿಯೇ ಕಳಿಸುತ್ತಿದ್ದೇನೆ, ಒಂದು ದಿನವಾದರೂ ಉಳಿಯಲಿ.

ಮೊದಲನೆಯದಾಗಿ ನಿನ್ನ ತಂದೆಯ ವಿಷಯ. ಬಿಳಿಯ ಬೂಸ್ಟು ಕಂಡೊಡನೆ ಮದ್ದಿಗೆ ಕೈಯಿಕ್ಕುವುದು ಅಡಿಕೆ ಬೆಳೆಗಾರನ ಮೈಗಂಟಿದ ಎಚ್ಚರ. ಮಗಳ ಬೆಳೆಗೆ ರೋಗ ಬಂತೆಂದು ಅವರು ಓಡಿದರು. ನಿನ್ನ ಮಣ್ಣನ್ನು ಅವರು ಬೆಳೆಯೆಂದು ಎಣಿಸಿದ ದಿನ ಅದು. ಆ ದಿನವನ್ನು ನೀನು ಕಳೆದುಕೊಳ್ಳಬೇಡ.

ಎರಡನೆಯದಾಗಿ, ಮುಗಿಯಿತೆಂದು ನಿನಗೆ ಹೇಳಿದವರು ಯಾರು? ಪುಸ್ತಕ ಹೇಳಿತು. ಮಣ್ಣನ್ನು ಕೇಳಿದೆಯಾ? ಎರಡೂ ಪಾತಿಯಿಂದ ಒಂದೊಂದು ಹಿಡಿ ತೆಗೆದು, ಮೊದಲಿನ ಹಾಗೆಯೇ ಬಾಟಲಿಗೆ ಹಾಕಿ ಡೀಸೆಲ್ ಕೊಡು. ಹೊಸದಾಗಿ ಹೆಸರುಕಾಳನ್ನೂ ಹಾಕು. ಕದಡದಿದ್ದರೆ ನಾನೇ ಒಪ್ಪಿಕೊಳ್ಳುತ್ತೇನೆ. ಪತ್ತನಾಜೆಗೆ ಇನ್ನೂ ದಿನಗಳಿವೆ. ಎದ್ದೇಳು ಮಗು.

ನಿನ್ನ ಮೇಲೆ ಭರವಸೆ ಬಿಡದ,
ಗೌರೀಶಂಕರ


ಮರ್ಕಂಜ
20 ಮೇ 2025

ಪೂಜ್ಯ ಸರ್! ಪೂಜ್ಯ ಸರ್!

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ವಕ್ರವಾಗಿದ್ದರೆ ಕ್ಷಮಿಸಿ. ಮೇಲಿನ ಪಾತಿಯ ಬಾಟಲಿ ಈವತ್ತಿಗೂ ತಿಳಿನೀರು. ಅಲ್ಲಿ ಯಾರೂ ಇಲ್ಲ. ಕೆಳಗಿನ ಪಾತಿಯ ಬಾಟಲಿ ಎರಡನೆಯ ದಿನವೇ ಮಂಜು, ಮೂರನೆಯ ದಿನಕ್ಕೆ ಮಜ್ಜಿಗೆ! ಕಾಲೇಜಿನ ಮೇಜಿನ ಮುಂದೆ ನಾನು ಜೋರಾಗಿ ಕೂಗಿಬಿಟ್ಟೆ. ಅಟೆಂಡರ್ ಪರಮೇಶ್ವರಿ ಅಕ್ಕ, "ಹಾವು ಬಂತಾ?" ಎಂದು ಕೋಲು ಹಿಡಿದು ಓಡಿಬಂದರು.

ಯಾಕೆಂದು ಯೋಚಿಸುತ್ತ ಬಸ್ಸಿನಲ್ಲಿ ಬರುವಾಗ ಅರ್ಧ ದಾರಿಯಲ್ಲಿ ಹೊಳೆಯಿತು. ನೀಲಿ ಕಲ್ಲು, ಸರ್! ಆ ಮಣ್ಣನ್ನು ತೆಗೆದದ್ದು ಮದ್ದು ಕಲಸುವ ಕಲ್ಲಿನ ಬುಡದಿಂದ. ಅಜ್ಜನ ಕಾಲದಿಂದ ಪ್ರತಿ ಮಳೆಗಾಲವೂ ಅಲ್ಲಿ ಮೈಲುತುತ್ತು ಚೆಲ್ಲಿದೆ, ಒಂದು ಬದಿಯಿಂದ ಇಂಜಿನಿನ ಎಣ್ಣೆ ತೊಟ್ಟಿಕ್ಕಿದೆ. ತಾಳಲಾರದವು ಎಂದೋ ಸತ್ತಿವೆ. ಉಳಿದವುಗಳ ಮಕ್ಕಳು, ಮೊಮ್ಮಕ್ಕಳು ಎರಡನ್ನೂ ತಾಳಬಲ್ಲವು. ಅಪ್ಪ ಹೊಯ್ದ ಮದ್ದು ಅವಕ್ಕೆ ಹೊಸದಲ್ಲ. ಹುಟ್ಟಿದ ಮನೆಯ ನೀರು. ಖಾತ್ರಿಗಾಗಿ ಇನ್ನೊಂದು ಬಾಟಲಿಗೆ ನಾನೇ ಒಂದು ಚಿಟಿಕೆ ಮೈಲುತುತ್ತು ಹಾಕಿದೆ. ಅದೂ ಕದಡಿತು.

ಕೆಳಗಿನ ಪಾತಿಯ ಗೆರಟೆಯಲ್ಲಿ ಹೆಸರುಕಾಳು ಮೊಳೆತಿವೆ. ಇದನ್ನು ಅಪ್ಪನಿಗೆ ಹೇಳುವ ಬದಲು ಗೆರಟೆಯನ್ನು ಜಗಲಿಯಲ್ಲಿ, ಅವರು ಎಲೆಯಡಿಕೆ ತಟ್ಟೆ ಇಡುವ ಜಾಗದಲ್ಲಿ ಇಟ್ಟಿದ್ದೇನೆ.

ನಿಮ್ಮ
ಮೋಕ್ಷಿತಾ


ಸವಣೂರು
22 ಮೇ 2025

ಚಿ. ಮೋಕ್ಷಿತಾ,

ನಾನು ಕುಣಿದೆನೆಂದು ಬರೆದರೆ ಸತ್ಯವತಿ ಸಾಕ್ಷಿ ಹೇಳುತ್ತಾಳೆ, ಆದುದರಿಂದ ಮುಚ್ಚಿಡುವುದಿಲ್ಲ. ಇಷ್ಟು ವರ್ಷ ಪಾಠ ಹೇಳಿದೆ. ನೀಲಿ ಕಲ್ಲನ್ನು ನೀನು ಮೊದಲೇ ಬರೆದಿದ್ದರೂ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಕಂಡವಳು ನೀನು! ಒಬ್ಬ ಮಾಷ್ಟ್ರಿಗೆ ಇದಕ್ಕಿಂತ ದೊಡ್ಡ ನಿವೃತ್ತಿವೇತನವಿಲ್ಲ.

ಮೇಲಿನ ಪಾತಿಗೆ ಈಗ ಕೆಳಗಿನವರನ್ನು ಕಳಿಸಬೇಕು. ಬೆರೆಸಬೇಕು, ಬೇಗ. ಅಷ್ಟು ಮಣ್ಣನ್ನು ಎರಡು ದಿನದಲ್ಲಿ ಹೇಗೆಂದು ನನಗೆ ತಿಳಿಯದು. ನಾಡಿದ್ದು ಪತ್ತನಾಜೆ, ಜೆಸಿಬಿ ಬರುತ್ತದೆ. ಗೆರಟೆಯನ್ನು ಅಲ್ಲಿಂದ ತೆಗೆಯಬೇಡ.

ಗೌರೀಶಂಕರ


ಮರ್ಕಂಜ
26 ಮೇ 2025

ಪೂಜ್ಯ ಸರ್,

ಜೆಸಿಬಿ ಬಂತು. ಓಡಿಸುವವನು ಸುಳ್ಯದ ದಿಶಾಂತ್. ಅಪ್ಪ ಬೆಳಿಗ್ಗೆಯಿಂದ ಗೆರಟೆಯ ಎದುರು ಕೂತಿದ್ದವರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ತಟ್ಟಿಗೆ ಹತ್ತಿದರು. ನಾನು ಹಿಂದೆ ಹೋದೆ.

"ಇದನ್ನೆಲ್ಲ ತೋಡಿಗಲ್ವಾ ಗೌಡ್ರೆ?" ಎಂದು ದಿಶಾಂತ್ ಕೇಳಿದ.

"ತೋಡಿಗೆ ಒಂದು ಹಿಡಿ ಬೀಳ್ಬಾರ್ದು. ಕೆಳಗಿನ ಪಾತಿಯದ್ದು ತೆಗ್ದು ಮೇಲಿನದಕ್ಕೆ ಹಾಕು. ಚೆನ್ನಾಗಿ ಕಲಸು."

"ಕಲಸ್ಲಿಕ್ಕೆ ಜೆಸಿಬಿಯಾ? ಇದೆಂತ ಅವಲಕ್ಕಿಯಾ?"

"ಹೌದು. ಒಗ್ಗರಣೆ ನಾನು ಮೊನ್ನೆಯೇ ಹಾಕಿ ಆಗಿದೆ," ಎಂದರು ಅಪ್ಪ.

ಹಾರೆ ಹಿಡಿದು ಬಂದಿದ್ದ ಮೂಸಕುಂಞಿಯವರು ನಕ್ಕ ನಗು ಕೆಳಗಿನ ಮನೆಗಳಿಗೂ ಕೇಳಿರಬೇಕು. ನಾನು ಮಾತ್ರ ನಗಲಾರದೆ ಬೇರೆ ಕಡೆ ತಿರುಗಿದೆ. ಎರಡನ್ನೂ ಬೆರೆಸಬೇಕೆಂದು ಹಿಂದಿನ ರಾತ್ರಿ ನಾನು ಅಜ್ಜಿಗೆ ಹೇಳಿದ್ದು ಅಪ್ಪನ ಕಿವಿಗೂ ಬಿದ್ದಿತ್ತು. ಅಪ್ಪ ಎಲ್ಲಿ ಅಗೆಯಬೇಕು, ಎಲ್ಲಿ ಸುರಿಯಬೇಕೆಂದು ಬೆರಳು ತೋರಿಸುತ್ತ, ಪ್ರತಿ ಸಲವೂ ನನ್ನ ಮುಖ ನೋಡುತ್ತಿದ್ದರು. ನಾನು ತಲೆಯಾಡಿಸಿದ ಮೇಲೆಯೇ ಕೈ ಇಳಿಯುತ್ತಿತ್ತು.

ಟರ್ಪಾಲು ಹೊದಿಸಿ, ಸುತ್ತ ಮಳೆನೀರು ಹರಿದುಹೋಗಲು ಕಣಿ ತೋಡಿ ಮುಗಿಸುವಾಗ ಮಳೆ ಹಿಡಿಯಿತು. ಮೇಲಿನ ಪಾತಿಯಲ್ಲಿ ಡೀಸೆಲ್ ಇನ್ನೂ ಇದೆ ಸರ್. ಈಗ ಕೆಲಸ ನನ್ನ ಕೈಯಲ್ಲಿಲ್ಲ, ಅವುಗಳ ಬಾಯಲ್ಲಿದೆ.

ಮೋಕ್ಷಿತಾ


ಮರ್ಕಂಜ
20 ಜುಲೈ 2025

ಪೂಜ್ಯ ಸರ್,

ಜೂನಿನಲ್ಲಿ ಬರೆಯದಿದ್ದುದಕ್ಕೆ ಕೋಪಿಸಿಕೊಳ್ಳಬೇಡಿ. ದಿನಾ ಬೆಳಿಗ್ಗೆ ಎದ್ದು ಸುರಂಗದ ಬಾಯಿಯಲ್ಲಿ ಅಂಗೈಗೆ ನೀರು ಹಿಡಿದು ಮೂಸುವುದು, ಬಾಟಲಿ ತುಂಬಿ ಸಮನ್ವಿತಾ ಅಕ್ಕನಿಗೆ ಕಳಿಸುವುದು, ಹೆದರುವುದು. ಇದೇ ಆಯಿತು. ಎಷ್ಟೋ ಬಾರಿ ನಾನು ಏಳುವ ಮೊದಲೇ ಅಪ್ಪ ಅಲ್ಲಿ ಬಗ್ಗಿ ನಿಂತಿರುತ್ತಿದ್ದರು. ಇಬ್ಬರೂ ಮೂಸಿ ಮನೆಗೆ ಬರುತ್ತಿದ್ದೆವು.

ನಿನ್ನೆ ಅಕ್ಕನ ಮೂರನೆಯ ವರದಿ ಬಂತು. ಮೂರರಲ್ಲಿಯೂ ನೀರಿನಲ್ಲಿ ಡೀಸೆಲಿನ ಸುಳಿವಿಲ್ಲ. ತಟ್ಟಿನ ಮಣ್ಣಿನಲ್ಲಿ ಉಳಿದದ್ದು ಸ್ವಲ್ಪ, ಅದೂ ಇಳಿಯುತ್ತಿದೆ. ಅಷ್ಟು ದಿನ ಪಕ್ಕದ ಮನೆಯಿಂದ ನೀರು ಹೊತ್ತು ತರುತ್ತಿದ್ದ ಅಜ್ಜಿ ವರದಿ ಓದಿ ಮುಗಿಸುವವರೆಗೂ ಕಾಯಲಿಲ್ಲ. ಕೊಡಪಾನ ಸುರಂಗದ ಬಾಯಿಗೆ ಹಿಡಿದಾಗಿತ್ತು.

ಇನ್ನೊಂದು ಸಂಗತಿ. ಇವತ್ತು ಅಡಿಕೆಗೆ ಎರಡನೆಯ ಸಲ ಮದ್ದು ಬಿಟ್ಟರು. ಕೆಲಸದವರು ಹೋಗಿ ಬಹಳ ಹೊತ್ತಾದರೂ ಅಪ್ಪ ಸ್ನಾನಕ್ಕೆ ಬರಲಿಲ್ಲ. ಹೋಗಿ ನೋಡಿದರೆ ಪಂಪುಶೆಡ್ಡಿನ ಬಾಗಿಲಲ್ಲಿ ಡ್ರಮ್ಮಿನ ಹತ್ತಿರ ಕೂತಿದ್ದಾರೆ. ತಳದಲ್ಲಿ ಸ್ವಲ್ಪ ಮದ್ದು ಉಳಿದಿತ್ತು.

"ನೀನು ಬರ್ಲಿ ಅಂತ ಕೂತೆ. ಇದನ್ನು ಎಲ್ಲಿ ಚೆಲ್ಲುದು ಮಗಾ? ನಿನ್ನವಕ್ಕೆ ಉಪದ್ರ ಆಗ್ಬಾರ್ದಲ್ಲ."

ಸಿಮೆಂಟಿಗೆಂದು ತಂದ ಮರಳನ್ನು ಅವರು ಅಂಗಳದ ತಗ್ಗಿಗೆ ಹಾಕಿಸಿಬಿಟ್ಟಿದ್ದಾರೆ. ಕಪ್ಪು ನೆಲ ಹಾಗೆಯೇ ಇದೆ.

ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಅಂದರು: "ನಿನ್ನ ಮಾಷ್ಟ್ರು ಆವತ್ತು ಚಹಾ ಕುಡಿಯದೆ ಹೋದದ್ದು. ಬರ್ಲಿಕ್ಕೆ ಹೇಳು."

ನಾನು ನಿಮಗೆ ಬರೆಯುತ್ತಿರುವುದು ಅವರಿಗೆ ಯಾವಾಗ ತಿಳಿಯಿತೋ ನನಗೆ ಗೊತ್ತಿಲ್ಲ.

ನಿಮ್ಮ ಪ್ರೀತಿಯ ವಿದ್ಯಾರ್ಥಿನಿ,
ಮೋಕ್ಷಿತಾ


ಸವಣೂರು
24 ಜುಲೈ 2025

ಚಿ. ಮೋಕ್ಷಿತಾ,

ಡ್ರಮ್ಮಿನ ಮದ್ದನ್ನು ಎಲ್ಲಿ ಚೆಲ್ಲಲು ಹೇಳಿದೆಯೆಂದು ನೀನು ಬರೆದಿಲ್ಲ. ಬಂದಾಗ ಕೇಳುತ್ತೇನೆ.

ಭಾನುವಾರ ಮೊದಲ ಬೆಳ್ಳಾರೆ ಬಸ್ಸಿಗೆ ಹೊರಡುತ್ತೇವೆ, ಸತ್ಯವತಿಯೂ ನಾನೂ. ನಿನ್ನ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ ಹೀಗೆ ಹೇಳು: ಚಹಾ ಖಂಡಿತ ಕುಡಿಯುತ್ತೇನೆ. ಆದರೆ ಅದಕ್ಕೂ ಮೊದಲು ಸುರಂಗದ ಬಾಯಿಂದಲೇ ಹಿಡಿದ ಒಂದು ಲೋಟ ಬರಿಯ ನೀರು ಬೇಕು. ಅದನ್ನು ಅವರೇ ಕೊಡಬೇಕು.

ಹೊರಡಲು ಈಗಲೇ ಚಪ್ಪಲಿ ಒರೆಸಿಟ್ಟಿರುವ,
ಗೌರೀಶಂಕರ